ಬೆಳೆಯುವುದನ್ನು ನಿಲ್ಲಿಸದ ಮಿದುಳು



ಮೀನಿನ ತಲೆಯ ಸಾರು ಇಷ್ಟಪಡುವವರು ಇವತ್ತಿನ ಮಾತಿಗೆ ಅರ್ಧ ತಯಾರಾಗಿಯೇ ಇದ್ದಾರೆ. ಅಂಗಡಿಯವನು ರೋಹು ಅಥವಾ ಕಾಟ್ಲಾದ ದೊಡ್ಡ ತಲೆಯನ್ನು ಮಚ್ಚಿನಿಂದ ಎರಡು ಹೋಳು ಮಾಡಿ ಕೊಡುತ್ತಾನಲ್ಲ, ಆಗ ಕಣ್ಣುಗಳ ಹಿಂದೆ, ಬುರುಡೆಯ ಒಳಗೆ ಬಿಳಿಚಿದ ಮೆತ್ತನೆಯ ಪದಾರ್ಥ ಕಾಣುತ್ತದೆ. ಅಷ್ಟೂ ಮಿದುಳು ಎಂದುಕೊಂಡು ಚಪ್ಪರಿಸುವವರಿದ್ದಾರೆ. ನಿಜ ಹೇಳಬೇಕೆಂದರೆ ಅದರಲ್ಲಿ ಬಹಳಷ್ಟು ಕೊಬ್ಬು. ನಮ್ಮ ತಲೆಬುರುಡೆಯಲ್ಲಿ ಮಿದುಳು ಅಂಚಿನ ತನಕ ತುಂಬಿಕೊಂಡಿರುತ್ತದೆ. ಬಲಿತ ಗೆಂಡೆಯ ಬುರುಡೆಯಲ್ಲಿ ಮಿದುಳಿನ ಸುತ್ತ ಜಾಗ ಉಳಿದಿರುತ್ತದೆ, ಆ ಜಾಗವನ್ನು ಕೊಬ್ಬು ತುಂಬಿರುತ್ತದೆ.

ಕೊಬ್ಬನ್ನು ಮೆಲ್ಲಗೆ ಸರಿಸಿದರೆ ಮಿದುಳು ಸಿಗುತ್ತದೆ. ಸಣ್ಣದು, ಆದರೆ ಅದರ ಭಾಗಗಳನ್ನು ಬೆರಳಿಟ್ಟು ತೋರಿಸಬಹುದು. ತೀರ ಮುಂದೆ, ಮೂಗಿನ ಹತ್ತಿರ, ಎರಡು ಉದ್ದನೆಯ ಎಳೆಗಳ ತುದಿಯಲ್ಲಿ ವಾಸನೆ ಹಿಡಿಯುವ ಗಡ್ಡೆಗಳಿವೆ. ಎಳೆ ಹಿಡಿದು ಹಿಂದಕ್ಕೆ ಬಂದರೆ ಎರಡು ಪುಟ್ಟ ಗುಬುಟುಗಳು. ನಾವು ಮನುಷ್ಯರು ಹೆಮ್ಮೆಪಡುವ ದೊಡ್ಡ ಮಿದುಳಿಗೆ ಮೀನಿನಲ್ಲಿ ಸಮನಾದದ್ದು ಅದು. ಅದರ ಹಿಂದೆ ಕಣ್ಣಿನ ನರಗಳು ಬಂದು ಸೇರುವ ನುಣುಪಾದ ಎರಡು ದೃಷ್ಟಿ ಹಾಲೆಗಳು. ಆಮೇಲೆ ಕಿರುಮಿದುಳು. ಸಾಮಾನ್ಯ ಗೆಂಡೆಯಾದರೆ ಅದರ ಹಿಂದೆ ಇನ್ನೂ ಒಂದು ಜೊತೆ ಉಬ್ಬುಗಳಿರುತ್ತವೆ, ಅವು ರುಚಿಗೆ ಮೀಸಲು. ಕೆಸರನ್ನು ಬಾಯಿತುಂಬ ಎಳೆದುಕೊಂಡು, ತಿನ್ನುವುದನ್ನು ಒಳಗೆ ಇಟ್ಟುಕೊಂಡು, ಬೇಡವಾದದ್ದನ್ನು ಉಗುಳುವ ಮೀನು ಅದು. ಆ ಆರಿಸುವ ಕೆಲಸಕ್ಕೆ ಮಿದುಳಿನಲ್ಲಿ ಅಷ್ಟು ದೊಡ್ಡ ಜಾಗ ಬೇಕಾಗಿದೆ. ಮುರುಗೋಡಿನಂಥ ಮೀಸೆಯ ಮೀನುಗಳಲ್ಲಿ ಮೀಸೆಯಿಂದ ಬರುವ ರುಚಿಯನ್ನು ಓದುವ ಹಾಲೆ ಇದೇ ರೀತಿ ಊದಿಕೊಂಡಿರುತ್ತದೆ. ಮೀನು ಹೇಗೆ ಬದುಕುತ್ತದೆ ಎಂಬುದನ್ನು ಅದರ ಮಿದುಳನ್ನು ನೋಡಿಯೇ ಸುಮಾರಾಗಿ ಹೇಳಿಬಿಡಬಹುದು.

ಮಿದುಳನ್ನು ಎತ್ತಿ ತೆಗೆದರೆ ಅದರ ಅಡಿಯಲ್ಲಿ ಪಿಟ್ಯುಟರಿ ಗ್ರಂಥಿ ಇದೆ. ಕಣ್ಣಿಗೆ ಕಂಡೂ ಕಾಣದಷ್ಟು ಚಿಕ್ಕದು. ನಮ್ಮ ದೇಶದ ಮೀನು ಸಾಕಣೆ ಇವತ್ತು ಇರುವ ಮಟ್ಟಕ್ಕೆ ಬಂದಿರುವುದು ಈ ಗ್ರಂಥಿಯಿಂದ. 1957ರ ಜುಲೈ 10ರಂದು ಒಡಿಶಾದ ಅಂಗುಲ್‌ನಲ್ಲಿ ಹೀರಾಲಾಲ್ ಚೌಧುರಿ ಮತ್ತು ಜೊತೆಗಾರರು ಮೀನಿನ ಪಿಟ್ಯುಟರಿಯ ಸಾರವನ್ನು ಗೆಂಡೆ ಜಾತಿಯ ಮೀನುಗಳಿಗೆ ಚುಚ್ಚಿ, ಹೊಳೆಯಲ್ಲಿ ಮಾತ್ರ ಮೊಟ್ಟೆಯಿಡುತ್ತಿದ್ದ ಅವು ಕೊಳದಲ್ಲೇ ಮೊಟ್ಟೆಯಿಡುವಂತೆ ಮಾಡಿದರು. ರಾಷ್ಟ್ರೀಯ ಮೀನು ಕೃಷಿಕರ ದಿನ ಜುಲೈ 10ಕ್ಕೆ ಬೀಳುವುದು ಇದೇ ಕಾರಣಕ್ಕೆ. ಈಗ ಸಿದ್ಧ ಇಂಜೆಕ್ಷನ್ ಬಂದಿದೆ. ಹಳಬರು ಮಾತ್ರ ಸಂತೆಯ ಮೀನಿನ ತಲೆ ಒಡೆದು, ಗ್ರಂಥಿ ಹೆಕ್ಕಿ, ಆಲ್ಕೊಹಾಲಿನ ಸೀಸೆಯಲ್ಲಿ ಕೂಡಿಟ್ಟು ಕೆಲಸ ಕಲಿತವರು.

ಇಲ್ಲಿಯವರೆಗೆ ಹೇಳಿದ್ದೆಲ್ಲ ಮೂಳೆಮೀನುಗಳ ವಿಚಾರ. ಕರಾವಳಿಯವರಿಗೆ ಗೊತ್ತಿರುವ ತಾಟೆ, ತೊರಕೆಗಳ ಅಸ್ಥಿಪಂಜರ ಮೃದ್ವಸ್ಥಿಯದು, ಅವುಗಳ ಸಂಸಾರವೇ ಬೇರೆ. ಬಂಗುಡೆ, ಬೂತಾಯಿ, ಅಂಜಲ್, ರೋಹು, ಗಾಜಿನ ತೊಟ್ಟಿಯ ಚಿನ್ನದ ಮೀನು, ಇವೆಲ್ಲ ಮೂಳೆಮೀನುಗಳು. ಮೂವತ್ತು ಸಾವಿರಕ್ಕೂ ಮೀರಿದ ಜಾತಿಗಳು ಇವುಗಳಲ್ಲಿವೆ. ಬೆನ್ನೆಲುಬಿರುವ ಪ್ರಾಣಿಗಳನ್ನೆಲ್ಲ ಒಟ್ಟು ಹಾಕಿದರೆ ಅರ್ಧದಷ್ಟು ಇವೇ. ಇವುಗಳ ಮಿದುಳಿನಲ್ಲಿ ನನಗೆ ಮುಖ್ಯವಾಗಿ ಕಾಣುವುದು ಒಂದು ಸಂಗತಿ. ನಮ್ಮಲ್ಲಿ ಹುಟ್ಟಿ ಒಂದೆರಡು ವರ್ಷದೊಳಗೆ ಹೊಸ ನರಕೋಶ ಹುಟ್ಟುವ ಕೆಲಸ ಹೆಚ್ಚುಕಡಿಮೆ ಮುಗಿದುಹೋಗುತ್ತದೆ. ಮೀನಿನಲ್ಲಿ ಅದು ಮುಗಿಯುವುದಿಲ್ಲ. ದೇಹ ಬೆಳೆಯುತ್ತಲೇ ಇರುತ್ತದೆ, ಮಿದುಳೂ ಅದರ ಜೊತೆಯಲ್ಲೇ ಬೆಳೆಯುತ್ತಿರುತ್ತದೆ. ಇದು ಹೇಗೆ ನಡೆಯುತ್ತದೆಂದು ತಿಳಿಯಲು ಒಂದು ಪುಟ್ಟ ಮೀನು ವಿಜ್ಞಾನಿಗಳಿಗೆ ದಾರಿ ಮಾಡಿಕೊಟ್ಟಿತು. ಅದರ ಹೆಸರು ಜೀಬ್ರಾಮೀನು.

ಮೂರು ನಾಲ್ಕು ಸೆಂಟಿಮೀಟರ್ ಉದ್ದ, ಮೈಮೇಲೆ ಕಿವಿರಿನಿಂದ ಬಾಲದವರೆಗೆ ನೀಲಿ ಗೆರೆಗಳು. ಹೆಸರು ಆಫ್ರಿಕದ್ದಾದರೂ ಮೀನು ನಮ್ಮದೇ, ಭಾರತ ಉಪಖಂಡದ ತೊರೆ, ಗದ್ದೆ, ಹೊಂಡಗಳದು. 1822ರಲ್ಲಿ ಗಂಗಾನದಿಯ ಮೀನುಗಳನ್ನು ಕುರಿತ ಪುಸ್ತಕದಲ್ಲಿ ಇದನ್ನು ಮೊದಲು ವಿವರಿಸಿದವನು ಫ್ರಾನ್ಸಿಸ್ ಹ್ಯಾಮಿಲ್ಟನ್. ಕನ್ನಡಿಗರಿಗೆ ಇವನ ಇನ್ನೊಂದು ಹೆಸರಿನ ಪರಿಚಯ ಚೆನ್ನಾಗಿದೆ, ಬುಕಾನನ್. ಟಿಪ್ಪು ಬಿದ್ದ ಮರುವರ್ಷ, 1800ರಲ್ಲಿ, ಮದರಾಸಿನಿಂದ ಹೊರಟು ಮೈಸೂರು ಸೀಮೆ, ಕನ್ನಡ ಜಿಲ್ಲೆ, ಮಲಬಾರುಗಳನ್ನು ಸುತ್ತಿ, ಬೆಳೆ, ಕೆರೆ, ಕಂದಾಯ, ಮಗ್ಗ ಎಲ್ಲವನ್ನೂ ಬರೆದಿಟ್ಟ ಅದೇ ಬುಕಾನನ್. ನಮ್ಮ ಇತಿಹಾಸದ ಮೇಷ್ಟರುಗಳು ಅವನನ್ನು ರಾಗಿ ಭತ್ತದ ವಿವರಕ್ಕೆ ಹುಡುಕುತ್ತಾರೆ. ಜೀವಶಾಸ್ತ್ರದವರು ಈ ಮೀನಿಗಾಗಿ ನೆನೆಯುತ್ತಾರೆ.

ಆಮೇಲೆ ಒಂದೂವರೆ ಶತಮಾನ ಈ ಮೀನು ಸಾಕುಮೀನಿನ ಅಂಗಡಿಗಳಲ್ಲಿ ಕಾಲ ಕಳೆಯಿತು. ಅಮೆರಿಕದ ಆರೆಗನ್ ವಿಶ್ವವಿದ್ಯಾಲಯದಲ್ಲಿದ್ದ ಜಾರ್ಜ್ ಸ್ಟ್ರೈಸಿಂಗರ್ ಅದನ್ನು ಪ್ರಯೋಗಶಾಲೆಗೆ ತಂದ. ಬುಡಾಪೆಸ್ಟ್‌ನಲ್ಲಿ ಹುಟ್ಟಿ, ನಾಜಿಗಳ ಕಾಲದಲ್ಲಿ ಚಿಕ್ಕಂದಿನಲ್ಲೇ ಅಮೆರಿಕಕ್ಕೆ ಬಂದವನು ಆತ. ಬ್ಯಾಕ್ಟೀರಿಯಾಗಳಿಗೆ ತಗಲುವ ವೈರಸ್‌ಗಳ ಮೇಲೆ ಕೆಲಸ ಮಾಡಿ ಹೆಸರು ಗಳಿಸಿದ್ದ. ಬೆನ್ನೆಲುಬಿರುವ ಪ್ರಾಣಿಯ ನರಮಂಡಲ ಕಟ್ಟಿಕೊಳ್ಳುವುದನ್ನು ವಂಶವಾಹಿಗಳ ಮೂಲಕ ಅರಿಯಬೇಕೆಂಬ ಆಸೆ ಅವನನ್ನು ಮೀನಿನ ಕಡೆಗೆ ತಿರುಗಿಸಿತು. 1981ರಲ್ಲಿ ಅವನ ಮುಖ್ಯ ಪ್ರಬಂಧ ಬಂತು. 1984ರಲ್ಲಿ ತೀರಿಕೊಂಡ. ಅವನು ಬಿಟ್ಟುಹೋದ ಕೆಲಸವನ್ನು ಜರ್ಮನಿಯ ಟ್ಯೂಬಿಂಗನ್ ಮತ್ತು ಅಮೆರಿಕದ ಬಾಸ್ಟನ್ ಎರಡೂ ಕಡೆಯವರು ವಿಕೃತ ತಳಿಗಳ ದೊಡ್ಡ ಹುಡುಕಾಟವಾಗಿ ಕೈಗೆತ್ತಿಕೊಂಡರು. 1996ರ ಡಿಸೆಂಬರ್‌ನಲ್ಲಿ ‘ಡೆವಲಪ್‌ಮೆಂಟ್’ ಎಂಬ ಪತ್ರಿಕೆ ಒಂದು ಇಡೀ ಸಂಚಿಕೆಯನ್ನು ಇದಕ್ಕೇ ಬಿಟ್ಟುಕೊಟ್ಟಿತು.

ಯಾಕೆ ಇದೇ ಮೀನು? ಮೊಟ್ಟೆ ನೀರಿನಲ್ಲಿ ಬೀಳುತ್ತದೆ, ಒಳಗೆ ನಡೆಯುವುದೆಲ್ಲ ಹೊರಗಿನಿಂದ ಕಾಣುತ್ತದೆ, ಅಷ್ಟು ಪಾರದರ್ಶಕ. ಪ್ರಯೋಗಶಾಲೆಯಲ್ಲಿ ದೀಪವನ್ನು ಹದಿನಾಲ್ಕು ಗಂಟೆ ಹಚ್ಚಿ ಹತ್ತು ಗಂಟೆ ಆರಿಸುತ್ತಾರೆ. ಬೆಳಗ್ಗೆ ದೀಪ ಹೊತ್ತಿತೋ ಇಲ್ಲವೋ ಗಂಡು ಹೆಣ್ಣಿನ ಬೆನ್ನು ಹತ್ತುತ್ತದೆ, ಸ್ವಲ್ಪ ಹೊತ್ತಿನಲ್ಲೇ ತೊಟ್ಟಿಯ ತಳದಲ್ಲಿ ಮೊಟ್ಟೆಗಳು ಬಿದ್ದಿರುತ್ತವೆ. ಒಂದೊಂದರ ಅಡ್ಡಳತೆ ಸುಮಾರು 0.7 ಮಿಲಿಮೀಟರ್. ಒಂದನ್ನು ಗಾಜಿನ ತಟ್ಟೆಯ ನೀರಿನಲ್ಲಿಟ್ಟು, ನೀರು 28.5 ಡಿಗ್ರಿ ಬೆಚ್ಚಗಿರುವಂತೆ ನೋಡಿಕೊಂಡು, ಸೂಕ್ಷ್ಮದರ್ಶಕಕ್ಕೆ ಕಣ್ಣಿಟ್ಟರೆ ಸಾಕು, ಆ ದಿನದ ಬೇರೆ ಕೆಲಸ ಕೆಟ್ಟಿತು ಎಂದೇ ಲೆಕ್ಕ.

ಮೊಟ್ಟೆಯ ಬಹುಪಾಲು ಆಹಾರದ ಗೋಳ. ಅದರ ನೆತ್ತಿಯಲ್ಲಿ ಒಂದು ತಿಳಿಯಾದ ದಿಬ್ಬ ಏಳುತ್ತದೆ. ಮುಕ್ಕಾಲು ಗಂಟೆಗೆ ಆ ದಿಬ್ಬದ ನಡುವೆ ಗೆರೆ ಬೀಳುತ್ತದೆ, ಒಂದು ಎರಡಾಗುತ್ತದೆ. ಅಲ್ಲಿಂದ ಮುಂದೆ ಹೆಚ್ಚುಕಡಿಮೆ ಕಾಲು ಗಂಟೆಗೊಮ್ಮೆ ದುಪ್ಪಟ್ಟು. ನಾಲ್ಕು, ಎಂಟು, ಹದಿನಾರು. ಚಹಾ ಕುಡಿದು ಬರುವಷ್ಟರಲ್ಲಿ ಒಂದು ಸುತ್ತು ತಪ್ಪಿಹೋಗುತ್ತದೆ. ಮೂರು ಗಂಟೆಗೆ ಸಾವಿರ ಕೋಶ. ಅಲ್ಲಿಯವರೆಗೆ ನಡೆದದ್ದೆಲ್ಲ ತಾಯಿ ಮೊಟ್ಟೆಯಲ್ಲಿ ತುಂಬಿಟ್ಟ ಸರಕಿನ ಮೇಲೆ. ಸುಮಾರು ಅದೇ ಹೊತ್ತಿಗೆ ಮರಿಯ ಸ್ವಂತ ವಂಶವಾಹಿಗಳು ಕೆಲಸಕ್ಕೆ ತೊಡಗುತ್ತವೆ, ಕೋಶಗಳು ಒಡೆಯುವ ವೇಗವೂ ತಗ್ಗುತ್ತದೆ. ಆಮೇಲೆ ಕೋಶಗಳ ಹಾಸು ಆಹಾರದ ಗೋಳದ ಮೇಲೆ ಕೆಳಕ್ಕೆ ಇಳಿಯುತ್ತ ಅದನ್ನು ಪೂರ್ತಿ ಮುಚ್ಚುತ್ತದೆ. ಹತ್ತು ಗಂಟೆಗೆ ತಲೆ ಯಾವ ಕಡೆ, ಬಾಲ ಯಾವ ಕಡೆ ಎಂದು ಹೇಳಬಹುದು.

ಇಷ್ಟರಲ್ಲಿ ಇನ್ನೊಂದು ಕೆಲಸ ಸದ್ದಿಲ್ಲದೆ ಆಗಿಹೋಗಿರುತ್ತದೆ. ಎಂಟು ಗಂಟೆಯ ಆಸುಪಾಸಿನಲ್ಲಿ, ಮಿದುಳು ಎನ್ನುವಂಥದ್ದು ಇನ್ನೂ ರೂಪ ತಾಳದೆ ಬರೀ ಕೋಶಗಳ ಹಾಸಾಗಿ ಬಿದ್ದಿರುವಾಗಲೇ, ಎರಡು ಕೋಶಗಳು ಒಡೆಯುವುದನ್ನು ನಿಲ್ಲಿಸಿ ನರಕೋಶಗಳಾಗಲು ತೀರ್ಮಾನಿಸಿಬಿಡುತ್ತವೆ. ಎಡಕ್ಕೊಂದು, ಬಲಕ್ಕೊಂದು. ಇವಕ್ಕೆ ಮೌಥ್ನರ್ ಕೋಶಗಳೆಂದು ಹೆಸರು. ಮೀನಿನ ಮಿದುಳಿನಲ್ಲೇ ದೈತ್ಯ ಕೋಶಗಳು ಇವು, ಹಿಮ್ಮಿದುಳಿನಿಂದ ಬೆನ್ನುಹುರಿಯುದ್ದಕ್ಕೂ ಒಂದೊಂದು ದಪ್ಪ ಎಳೆ ಕಳಿಸುತ್ತವೆ. ಮುಂದೆ ಮೀನು ಈಜುವಾಗ ಒಂದು ಕಡೆಯಿಂದ ಥಟ್ಟನೆ ನೀರು ಕದಡಿದರೆ ಆ ಕಡೆಯ ಕೋಶ ಒಂದೇ ಒಂದು ಸಲ ಮಿಡಿಯುತ್ತದೆ, ಮೈ ಇನ್ನೊಂದು ಕಡೆಗೆ ಬಾಗಿ ಮೀನು ಚಿಮ್ಮಿ ಪಾರಾಗುತ್ತದೆ. ಕೆರೆಯಂಚಿನಲ್ಲಿ ಕಾಲಿಟ್ಟ ಕ್ಷಣ ಮರಿಗಳ ಹಿಂಡು ಚದುರುವುದನ್ನು ನೀವು ನೋಡಿರುತ್ತೀರಿ. ಆ ತಪ್ಪಿಸಿಕೊಳ್ಳುವ ಕೌಶಲಕ್ಕೆ ಮಿದುಳು ಹುಟ್ಟುವ ಮೊದಲೇ ಜಾಗ ಕಾದಿರಿಸಲಾಗಿದೆ.

ಹದಿನೇಳನೇ ಗಂಟೆಗೆ ಬಾಲ ಮಿಸುಕತೊಡಗುತ್ತದೆ. ಮರುದಿನ ಬೆಳಗ್ಗೆ ಅದೇ ತಟ್ಟೆಯನ್ನು ನೋಡಿದರೆ ಹೃದಯ ಬಡಿಯುತ್ತಿರುತ್ತದೆ, ಕಣ್ಣು ಮೂಡಿರುತ್ತದೆ, ಮುಮ್ಮಿದುಳು, ನಡುಮಿದುಳು, ಹಿಮ್ಮಿದುಳುಗಳ ಉಬ್ಬುತಗ್ಗು ಚೆನ್ನಾಗಿ ಕಾಣುತ್ತಿರುತ್ತದೆ. ಎರಡು ಮೂರು ದಿನಕ್ಕೆ ಮೊಟ್ಟೆಯೊಡೆದು ಹೊರಗೆ. ಐದನೇ ದಿನಕ್ಕೆ ಬೇಟೆ. ಅಷ್ಟು ಹೊತ್ತಿಗೆ ಮಿದುಳಿನಲ್ಲಿ ಸುಮಾರು ಒಂದು ಲಕ್ಷ ನರಕೋಶಗಳಿರುತ್ತವೆ. 2013ರಲ್ಲಿ ಅಮೆರಿಕದ ಜನೇಲಿಯಾ ಸಂಶೋಧನಾ ಕೇಂದ್ರದವರು ಬೆಳಕಿನ ತೆಳು ಹಾಳೆಯನ್ನು ಹಾಯಿಸಿ, ಬದುಕಿರುವ ಮರಿಯ ಮಿದುಳಿನಲ್ಲಿ ಆ ಲಕ್ಷದ ಪೈಕಿ ನೂರಕ್ಕೆ ಎಂಬತ್ತಕ್ಕೂ ಹೆಚ್ಚು ಕೋಶಗಳು ಮಿಡಿಯುವುದನ್ನು ಒಂದೊಂದಾಗಿ ಚಿತ್ರಿಸಿದರು. ನಮ್ಮ ಬೆಂಗಳೂರಿನ ರಾಷ್ಟ್ರೀಯ ಜೀವವಿಜ್ಞಾನ ಕೇಂದ್ರ, ಎನ್‌ಸಿಬಿಎಸ್‌ನಲ್ಲಿ, ವತ್ಸಲಾ ತಿರುಮಲೈ ಅವರ ತಂಡ ಇಂಥ ಮರಿಗಳ ಕಿರುಮಿದುಳಿನ ಪರ್ಕಿಂಜೆ ಎಂಬ ನರಕೋಶಗಳ ಮಿಡಿತವನ್ನು ಅಳೆಯುತ್ತದೆ. ಈಜುವ ಮರಿ ಮುಂದೇನಾಗಬಹುದೆಂದು ಮೊದಲೇ ಊಹಿಸಿ ಸಿದ್ಧವಾಗುವುದರಲ್ಲಿ ಕಿರುಮಿದುಳಿನ ಪಾಲೇನು ಎನ್ನುವುದು ಅವರ ಪ್ರಶ್ನೆಗಳಲ್ಲೊಂದು.

ಕೋಶ ಒಡೆಯುತ್ತಲೇ ಹೋದರೆ ಮಿದುಳಾಗುವುದಿಲ್ಲ. ಒಂದು ಹಂತದಲ್ಲಿ ಕೆಲವು ಕೋಶಗಳು ಒಡೆಯುವುದನ್ನು ಬಿಟ್ಟು ನರಕೋಶಗಳಾಗಬೇಕು. ನರಕೋಶವಾದದ್ದು ಮತ್ತೆ ಒಡೆಯುವುದಿಲ್ಲ. ಎಲ್ಲವೂ ಒಂದೇ ಸಲ ನರಕೋಶಗಳಾದರೋ, ನಾಳೆಯ ಕೆಲಸಕ್ಕೆ ಯಾರೂ ಉಳಿಯುವುದಿಲ್ಲ. ಆದ್ದರಿಂದ ನರಕೋಶವಾಗಲು ಹೊರಟ ಕೋಶ ಪಕ್ಕದ ಕೋಶಗಳಿಗೆ ‘ನೀವು ಸದ್ಯ ಬೇಡ, ಇರಿ’ ಎಂಬ ಸಂದೇಶ ಕೊಡುತ್ತದೆ. ಈ ಸಂದೇಶವನ್ನು ಪಡೆಯುವ ಅಣುವಿಗೆ ನಾಚ್ ಎಂದು ಹೆಸರು. ಟ್ಯೂಬಿಂಗನ್ ಮತ್ತು ಬಾಸ್ಟನ್‌ನ ಹುಡುಕಾಟದಲ್ಲಿ ಸಿಕ್ಕ ವಿಕೃತ ತಳಿಗಳಲ್ಲಿ ಒಂದಕ್ಕೆ ‘ಮೈಂಡ್ ಬಾಂಬ್’ ಎಂದು ಹೆಸರಿಟ್ಟರು. ಅದರಲ್ಲಿ ಈ ‘ಇರಿ’ ಎನ್ನುವ ಸಂದೇಶ ಸರಿಯಾಗಿ ಮುಟ್ಟುವುದೇ ಇಲ್ಲ. ಹಾಗಾಗಿ ಕೋಶಗಳೆಲ್ಲ ಅವಸರದಲ್ಲಿ ಮೊದಲ ಸರದಿಯ ನರಕೋಶಗಳಾಗಿಬಿಡುತ್ತವೆ, ತಡವಾಗಿ ಹುಟ್ಟಬೇಕಾದ ಬಗೆಗಳಿಗೆ ಕೋಶಗಳೇ ಇರುವುದಿಲ್ಲ. ಆ ಮರಿಗಳು ಬದುಕುವುದಿಲ್ಲ. ಈ ನಾಚ್ ಮುಂದೆ ಮತ್ತೊಮ್ಮೆ ಬರುತ್ತದೆ, ಹೆಸರು ನೆನಪಿರಲಿ.

ಈಗ ಸ್ವಲ್ಪ ಕೈಗೆ ಕೆಲಸ ಕೊಡೋಣ. ರೇಡಿಯೋದಲ್ಲಿ ಚಿತ್ರ ತೋರಿಸುವ ಹಾಗಿಲ್ಲವಲ್ಲ. ನಮಸ್ಕಾರ ಮಾಡುವಂತೆ ಎರಡು ಅಂಗೈಗಳನ್ನು ಎದುರುಬದುರಾಗಿ ಹಿಡಿಯಿರಿ, ನಡುವೆ ನಾಲ್ಕು ಬೆರಳು ಜಾಗ ಬಿಡಿ, ಬೆರಳುಗಳು ನೆಟ್ಟಗೆ ಮೇಲಕ್ಕಿರಲಿ. ಭ್ರೂಣದ ಮುಮ್ಮಿದುಳು ಮೊದಲಿಗೆ ಹೀಗೆ ಎರಡು ಗೋಡೆಗಳು, ನಡುವೆ ದ್ರವ ತುಂಬಿದ ಕುಳಿ. ಈಗ ಎರಡೂ ಕೈಯ ಬೆರಳ ತುದಿಗಳನ್ನು ಒಳಕ್ಕೆ, ಒಂದಕ್ಕೊಂದು ಎದುರಾಗಿ ಬಾಗಿಸಿ. ಕುಳಿ ಒಳಗೆ ಮುಚ್ಚಿಹೋಯಿತು, ಬೆರಳ ತುದಿಗಳು ನಡುಗೆರೆಯ ಹತ್ತಿರ ಬಂದವು. ಮನುಷ್ಯ, ಇಲಿ, ಹಕ್ಕಿ, ಕಪ್ಪೆ ಎಲ್ಲರದೂ ಈ ದಾರಿ. ಮತ್ತೆ ಬೆರಳನ್ನು ನೆಟ್ಟಗೆ ಮಾಡಿ, ಈ ಸಲ ಹೊರಕ್ಕೆ ಬಾಗಿಸಿ. ಅಂಗೈ ಮೇಲ್ಮುಖವಾಗಿ ಬಿಚ್ಚಿಕೊಂಡಿತು. ಒಳಗಿರಬೇಕಾದ ಕುಳಿಯ ಮೈ ಮಿದುಳಿನ ನೆತ್ತಿಗೆ ಬಂತು, ಬೆರಳ ತುದಿಗಳು ಎರಡು ಪಕ್ಕಕ್ಕೆ ಹೋದವು. ಮೂಳೆಮೀನಿನದು ಈ ದಾರಿ. ಬಿಚ್ಚಿಕೊಂಡ ಆ ಮೈ ಮೇಲೆ ತೆಳ್ಳನೆಯ ಒಂದು ಪೊರೆ ಮಾತ್ರ ಹೊದಿಕೆಯಾಗಿರುತ್ತದೆ.

ಇದನ್ನು ತಿಳಿಯದೆ ಮೀನಿನ ಮಿದುಳನ್ನು ನಮ್ಮದರ ನಕ್ಷೆ ಇಟ್ಟುಕೊಂಡು ಓದಿದವರು ಬಹಳ ಕಾಲ ದಾರಿ ತಪ್ಪಿದರು. ನಮ್ಮಲ್ಲಿ ಜಾಗ, ದಾರಿಗಳ ನೆನಪಿಗೆ ಆಧಾರವಾದ ಹಿಪೊಕ್ಯಾಂಪಸ್ ನಡುಗೆರೆಯ ಕಡೆಗಿದೆ. ಕೈ ಲೆಕ್ಕದಲ್ಲಿ ಹೇಳುವುದಾದರೆ ಬೆರಳ ತುದಿ. ಮೀನಿನಲ್ಲಿ ಆ ತುದಿ ಹೊರಪಕ್ಕದಲ್ಲಿರಬೇಕು. ಸ್ಪೇನಿನ ಸೆವಿಲ್ಲೆಯ ಸಂಶೋಧಕರು ಚಿನ್ನದ ಮೀನುಗಳಿಗೆ ತೊಟ್ಟಿಯಲ್ಲಿ ದಾರಿ ಕಲಿಸಿ, ಆಮೇಲೆ ಮುಮ್ಮಿದುಳಿನ ಹೊರಪಕ್ಕದ ಭಾಗವನ್ನು ಕೆಡಿಸಿ ನೋಡಿದರು. ಮೀನುಗಳು ಈಜಿದವು, ತಿಂದವು, ದಾರಿಯನ್ನು ಮಾತ್ರ ಮರೆತವು. ಮೀನಿಗೆ ನೆನಪು ಕ್ಷಣಮಾತ್ರ ಎಂದು ತಮಾಷೆ ಮಾಡುವವರು ಇದನ್ನು ಗಮನಿಸಬೇಕು. ನೆನಪಿಲ್ಲದ ಪ್ರಾಣಿಗೆ ಮರೆಯುವುದಕ್ಕೆ ಏನಿರುತ್ತದೆ?

ಬಲಿತ ಮೀನಿನ ವಿಚಾರಕ್ಕೆ ಬರುತ್ತೇನೆ, ನನ್ನ ಮಾತಿನ ತಿರುಳು ಅಲ್ಲೇ ಇರುವುದು. ಮೊದಲು ಕಣ್ಣನ್ನೇ ತೆಗೆದುಕೊಳ್ಳಿ. ಮಗು ಬೆಳೆದು ದೊಡ್ಡವನಾಗುವಾಗ ಕಣ್ಣುಗುಡ್ಡೆ ಸ್ವಲ್ಪ ಹಿಗ್ಗುತ್ತದೆ, ರೆಟಿನಾಕ್ಕೆ ಹೊಸ ನರಕೋಶ ಸೇರುವುದಿಲ್ಲ. ಮೀನಿನ ರೆಟಿನಾದ ಅಂಚಿನಲ್ಲಿ ಸುತ್ತಲೂ ಕಾಂಡಕೋಶಗಳ ಒಂದು ಪಟ್ಟಿ ಇದೆ. ಅವು ಒಡೆಯುತ್ತ ಹೊರಗಿನಿಂದ ಉಂಗುರದ ಮೇಲೆ ಉಂಗುರ ಸೇರಿಸುತ್ತ ಹೋಗುತ್ತವೆ. ಹಳೆಯ ಕೋಶಗಳು ನಡುವಿನಲ್ಲಿ, ಹೊಸವು ಅಂಚಿನಲ್ಲಿ. ಹೀಗೆ ಹುಟ್ಟಿದ ಹೊಸ ಕೋಶಗಳು ಮಿದುಳಿನ ದೃಷ್ಟಿ ಹಾಲೆಗೆ ಎಳೆ ಕಳಿಸಬೇಕು. ರೆಟಿನಾದ ಒಂದೊಂದು ಬಿಂದುವಿಗೆ ಅಲ್ಲಿ ಒಂದೊಂದು ಜಾಗ ಗೊತ್ತಾಗಿರುತ್ತದೆ. ಹಾಲೆಯೂ ಬೆಳೆಯುತ್ತಿದೆಯಲ್ಲ, ತೊಂದರೆ ಏನು ಎಂದು ನೀವು ಕೇಳಬಹುದು. ತೊಂದರೆ ಇದೆ. ರೆಟಿನಾ ಉಂಗುರವಾಗಿ ಸುತ್ತಲೂ ಬೆಳೆಯುತ್ತದೆ, ಹಾಲೆ ಬೆಳೆಯುವುದು ಮುಖ್ಯವಾಗಿ ಹಿಂದಿನ ಅಂಚಿನಲ್ಲಿ, ಅರ್ಧಚಂದ್ರಾಕಾರದಲ್ಲಿ. ಎರಡರ ಆಕಾರ ಹೊಂದುವುದೇ ಇಲ್ಲ. ನಕ್ಷೆ ಕೆಡದೆ ಉಳಿಯಬೇಕಾದರೆ ಹಳೆಯ ಎಳೆಗಳು ತಾವು ಹಿಡಿದ ಜಾಗ ಬಿಟ್ಟು ಸ್ವಲ್ಪ ಸ್ವಲ್ಪವೇ ಸರಿಯುತ್ತ, ಹೊಸಬರಿಗೆ ಎಡೆ ಮಾಡಿಕೊಡಬೇಕು. ಚಿನ್ನದ ಮೀನಿನಲ್ಲಿ ಸ್ಟೀಫನ್ ಈಸ್ಟರ್ ಮತ್ತು ಕ್ಲೌಡಿಯಾ ಸ್ಟೂರ್ಮರ್ 1984ರಲ್ಲಿ ಇದನ್ನು ಪರೀಕ್ಷಿಸಿ, ಎಳೆಗಳು ನಿಜವಾಗಿಯೂ ಸರಿಯುತ್ತವೆ ಎಂದು ತೋರಿಸಿದರು. ಇಷ್ಟೆಲ್ಲ ನಡೆಯುವಾಗ ಮೀನು ಒಂದು ದಿನವೂ ಕುರುಡಾಗುವುದಿಲ್ಲ, ನೊಣ ಹಿಡಿಯುವುದನ್ನು ನಿಲ್ಲಿಸುವುದಿಲ್ಲ. ಈ ವಿಷಯದಲ್ಲಿ ನನ್ನನ್ನು ಅತ್ಯಂತ ಬೆರಗುಗೊಳಿಸಿದ್ದು ಇದು. ಗಾಯ ವಾಸಿಯಾಗುವ ಸುದ್ದಿಗೆ ಪತ್ರಿಕೆಯಲ್ಲಿ ಜಾಗ ಸಿಗುತ್ತದೆ. ನಿತ್ಯದ ಈ ಸರಿದಾಟಕ್ಕೆ ಸಿಗುವುದಿಲ್ಲ.

ಮಿದುಳಿನ ಉಳಿದ ಕಡೆ? ಗುಂಥರ್ ಜುಪಾಂಕ್ ಎಂಬ ವಿಜ್ಞಾನಿ ದಕ್ಷಿಣ ಅಮೆರಿಕದ ಒಂದು ವಿದ್ಯುತ್ ಮೀನಿನಲ್ಲಿ ಲೆಕ್ಕ ಹಾಕಿದರು. ಕಂದು ಚೂರಿಮೀನು ಎನ್ನಬಹುದು ಅದನ್ನು. ಯಾವುದೇ ಎರಡು ಗಂಟೆಯ ಅವಧಿಯಲ್ಲಿ ಅದರ ಬಲಿತ ಮಿದುಳಿನಲ್ಲಿ ಸುಮಾರು ಒಂದು ಲಕ್ಷ ಕೋಶಗಳು ಹೊಸದಾಗಿ ಹುಟ್ಟುವ ಹಾದಿಯಲ್ಲಿರುತ್ತವೆ, ಅದರಲ್ಲಿ ಮುಕ್ಕಾಲು ಪಾಲು ಕಿರುಮಿದುಳಿನಲ್ಲಿ ಎಂದು 1995ರಲ್ಲಿ ವರದಿ ಮಾಡಿದರು. ಬಲಿತ ಜೀಬ್ರಾಮೀನಿನ ಮಿದುಳಿನಲ್ಲಿ ಕೋಶ ಹುಟ್ಟುವ ಹದಿನಾರು ವಲಯಗಳನ್ನು ಜರ್ಮನಿಯ ಡ್ರೆಸ್ಡೆನ್‌ನ ತಂಡ 2006ರಲ್ಲಿ ಗುರುತಿಸಿತು. ಹುಟ್ಟಿದವು ಸುಮ್ಮನೆ ಸತ್ತುಹೋಗುತ್ತವೆಯೋ ಎಂದರೆ ಅದೂ ಇಲ್ಲ, ಸುಮಾರು ಅರ್ಧದಷ್ಟು ಕೋಶಗಳು ಒಂಬತ್ತು ತಿಂಗಳ ಮೇಲೂ ಉಳಿದಿದ್ದವು. ನಮ್ಮದನ್ನು ಇದರ ಪಕ್ಕದಲ್ಲಿಟ್ಟು ನೋಡಿ. ಬೆಳೆದ ಮನುಷ್ಯನ ಹಿಪೊಕ್ಯಾಂಪಸ್ಸಿನಲ್ಲಿ ಒಂದಿಷ್ಟಾದರೂ ಹೊಸ ನರಕೋಶ ಹುಟ್ಟುತ್ತದೆಯೋ ಇಲ್ಲವೋ ಎಂಬುದರ ಮೇಲೆಯೇ 2018ರಲ್ಲಿ ಎರಡು ತಂಡಗಳು ಒಂದು ತಿಂಗಳ ಅಂತರದಲ್ಲಿ ಒಂದಕ್ಕೊಂದು ವಿರುದ್ಧವಾದ ತೀರ್ಮಾನ ಪ್ರಕಟಿಸಿದವು.

ಮೀನಿಗೆ ಇಷ್ಟು ಕೋಶ ಯಾಕೆ ಬೇಕು? ಜುಪಾಂಕ್ ಮುಂದಿಟ್ಟ ಉತ್ತರ ನನಗೆ ಒಪ್ಪಿಗೆಯಾಗುತ್ತದೆ. ನಾವು ಬೆಳೆದ ಮೇಲೆ ನಮ್ಮ ಸ್ನಾಯುವಿನ ಎಳೆಗಳು ದಪ್ಪವಾಗುತ್ತವೆ, ಎಳೆಗಳ ಸಂಖ್ಯೆ ಅಷ್ಟಾಗಿ ಏರುವುದಿಲ್ಲ. ಅನೇಕ ಮೀನುಗಳಲ್ಲಿ ಹೊಸ ಹೊಸ ಎಳೆಗಳೇ ಸೇರುತ್ತ ಹೋಗುತ್ತವೆ. ಮೈ ಚರ್ಮದ ಮೇಲೆ, ಕಣ್ಣಿನಲ್ಲಿ, ಕಿವಿಯಲ್ಲಿ ಸಂವೇದನೆಯ ಕೋಶಗಳೂ ಸೇರುತ್ತವೆ. ಇವುಗಳಿಂದ ಬರುವ ಸುದ್ದಿಯನ್ನು ಓದಲು, ಆ ಸ್ನಾಯುಗಳಿಗೆ ಹುಕುಂ ಕೊಡಲು ಮಿದುಳಿನಲ್ಲೂ ತಕ್ಕಷ್ಟು ಕೋಶಗಳು ಬೇಕು. ಮೈಯ ಲೆಕ್ಕಕ್ಕೆ ಮಿದುಳಿನ ಲೆಕ್ಕ ಹೊಂದಬೇಕು, ಅಷ್ಟೇ. ಹಾಗೆ ನೋಡಿದರೆ ಮೀನಿನ ಮಿದುಳು ಗಾಯವನ್ನು ತುಂಬಿಕೊಳ್ಳುತ್ತದೆ ಎಂಬುದು ಪವಾಡವಲ್ಲ. ದಿನನಿತ್ಯ ನಡೆಯುತ್ತಿದ್ದ ಕೆಲಸವನ್ನು ಅಗತ್ಯ ಬಿದ್ದಾಗ ಜೋರಾಗಿ ನಡೆಸುವುದು.

ಆ ಕೆಲಸ ಮಾಡುವವು ರೇಡಿಯಲ್ ಗ್ಲಿಯಾ ಎಂಬ ಕಾಂಡಕೋಶಗಳು. ಭ್ರೂಣದಲ್ಲಿ ನಮಗೂ ಇದ್ದವು. ಮಿದುಳು ಕಟ್ಟಿ ಮುಗಿದ ಮೇಲೆ ನಮ್ಮಲ್ಲಿ ಬಹುತೇಕ ಬೇರೆ ರೂಪ ತಾಳಿ ಮರೆಯಾದವು. ಮೀನಿನಲ್ಲಿ ಜೀವನಪರ್ಯಂತ ಉಳಿಯುತ್ತವೆ, ಕುಳಿಯ ಗೋಡೆಯುದ್ದಕ್ಕೂ ಸಾಲಾಗಿ ನಿಂತಿರುತ್ತವೆ. ಕೈ ಬಿಚ್ಚಿದ ಲೆಕ್ಕ ನೆನಪಿದೆಯಲ್ಲ? ಮುಮ್ಮಿದುಳಿನ ಕುಳಿಯ ಗೋಡೆ ಮೀನಿನಲ್ಲಿ ನೆತ್ತಿಗೆ ಬಂದಿದೆ. ಅಂದರೆ ಕಾಂಡಕೋಶಗಳು ಬುರುಡೆಯ ಕೆಳಗೇ ಇವೆ. ಮೈಬಣ್ಣವಿಲ್ಲದ ಪಾರದರ್ಶಕ ತಳಿಯ ಜೀಬ್ರಾಮೀನಿಗೆ ಅರಿವಳಿಕೆ ಕೊಟ್ಟು, ಚರ್ಮ, ಬುರುಡೆಗಳ ಮೂಲಕವೇ ಸೂಕ್ಷ್ಮದರ್ಶಕ ಹಾಯಿಸಿ, ಅದೇ ಕೋಶವನ್ನು ದಿನ ಬಿಟ್ಟು ದಿನ ಚಿತ್ರಿಸಿ, ಮೀನನ್ನು ಮತ್ತೆ ನೀರಿಗೆ ಬಿಡಬಹುದು. ಪ್ಯಾರಿಸ್‌ನ ಪಾಸ್ತರ್ ಸಂಸ್ಥೆಯಲ್ಲಿ ಲೋರ್ ಬಾಲಿ-ಕ್ಯೂಫ್ ಅವರ ತಂಡ ಹೀಗೆ ನೋಡುತ್ತದೆ. ಇಲಿಯಲ್ಲಿ ಇಂಥ ಕೋಶಗಳು ಮಿದುಳಿನ ಆಳದಲ್ಲಿವೆ, ಅಲ್ಲಿಗೆ ಕಣ್ಣು ಹಾಯಿಸುವುದು ಬಹಳ ಕಷ್ಟ.

ನೋಡಿದಾಗ ತಿಳಿದದ್ದು, ಆ ಕೋಶಗಳಲ್ಲಿ ಬಹುಪಾಲು ಯಾವುದೇ ಒಂದು ಹೊತ್ತಿನಲ್ಲಿ ಏನೂ ಮಾಡುತ್ತಿರುವುದಿಲ್ಲ. ಮಲಗಿರುತ್ತವೆ. ಮಲಗಿಸುವುದು ಯಾರು? ಭ್ರೂಣದಲ್ಲಿ ‘ಇರಿ’ ಎಂದ ಅದೇ ನಾಚ್. ಔಷಧಿಯಿಂದ ನಾಚ್ ತಡೆದರೆ ಮಲಗಿದ್ದವು ಎದ್ದು ಒಡೆಯತೊಡಗುತ್ತವೆ. ಎಬ್ಬಿಸುವುದು ಒಳ್ಳೆಯದೆಂದು ಅವಸರ ಪಡಬಾರದು, ಎದ್ದ ಕೋಶಗಳು ನರಕೋಶಗಳಾಗಿ ಖರ್ಚಾದರೆ ದಾಸ್ತಾನು ಬರಿದಾದೀತು. ಹಿಡಿತವೇ ಇಲ್ಲಿ ಉಳಿತಾಯ.

ಗಾಯವಾದರೆ ಏನಾಗುತ್ತದೆಂದು ಡ್ರೆಸ್ಡೆನ್‌ನವರು ಸೂಜಿಯಿಂದ ಬಲಿತ ಮೀನಿನ ಮುಮ್ಮಿದುಳಿಗೆ ಚುಚ್ಚಿ ನೋಡಿದರು. ರೇಡಿಯಲ್ ಗ್ಲಿಯಾ ಒಡೆದು ಹೊಸ ನರಕೋಶಗಳನ್ನು ಕೊಟ್ಟವು, ಅವು ಗಾಯದ ಜಾಗಕ್ಕೆ ಹೋಗಿ ನೆಲೆಸಿದವು, ಗಟ್ಟಿ ಕಲೆ ಉಳಿಯಲಿಲ್ಲ. ಇದಕ್ಕಿಂತ ಅನಿರೀಕ್ಷಿತವಾದದ್ದು 2012ರಲ್ಲಿ ಅದೇ ತಂಡ ಕಂಡುಕೊಂಡದ್ದು. ಮಿದುಳಿನ ಗಾಯದಲ್ಲಿ ಉರಿಯೂತ ನಮಗೆ ಶತ್ರು. ಮೀನಿನಲ್ಲಿ ಉರಿಯೂತವನ್ನು ಔಷಧಿಯಿಂದ ಅಡಗಿಸಿದಾಗ ದುರಸ್ತಿಯೇ ಕುಂಠಿತವಾಯಿತು. ಗಾಯ ಮಾಡದೆ ಉರಿಯೂತ ಹುಟ್ಟಿಸುವ ಪದಾರ್ಥವನ್ನಷ್ಟೇ ಕೊಟ್ಟರೂ ಕಾಂಡಕೋಶಗಳು ಎದ್ದವು. ಉರಿಯೂತದ ವೇಳೆ ಬಿಳಿ ರಕ್ತಕಣಗಳು ಹೊಮ್ಮಿಸುವ ಲ್ಯೂಕೋಟ್ರೈನ್ ಎಂಬ ರಾಸಾಯನಿಕವೇ ಇಲ್ಲಿ ಎಬ್ಬಿಸುವ ಕರೆ. ನಮ್ಮ ಮಿದುಳು ಬಾಗಿಲು ಹಾಕಿಕೊಳ್ಳುವ ಸದ್ದಿಗೆ ಮೀನಿನ ಮಿದುಳು ಕೆಲಸಕ್ಕೆ ಏಳುತ್ತದೆ.

ಹಾಗೆಂದು ಮೀನಿನ ಎಣ್ಣೆಯ ಜಾಹೀರಾತಿನವರು ಇದನ್ನು ಹಿಡಿದುಕೊಂಡು ಹೊರಡುವುದು ಬೇಡ. ಮೀನು ತಿಂದರೆ ಮೀನಿನ ಈ ಗುಣ ಬರುವುದಿಲ್ಲ. ಮೀನಿಗೇ ಇದು ಕೊನೆತನಕ ಇದೇ ಜೋರಿನಲ್ಲಿ ಉಳಿಯುವುದಿಲ್ಲ. ವಯಸ್ಸಾದ ಜೀಬ್ರಾಮೀನಿನಲ್ಲಿ ಹೊಸ ಕೋಶಗಳ ಹುಟ್ಟು ಇಳಿಮುಖವಾಗುತ್ತದೆ. ಆಫ್ರಿಕದ ಆಗ್ನೇಯ ಭಾಗದ, ಮಳೆ ನಿಂತರೆ ಬತ್ತಿಹೋಗುವ ಹೊಂಡಗಳಲ್ಲಿ ಕಿಲ್ಲಿಮೀನು ಎಂಬುದಿದೆ. ಕೆಲವೇ ತಿಂಗಳಲ್ಲಿ ಹುಟ್ಟಿ, ಬಲಿತು, ಮುದಿಯಾಗಿ ಸಾಯುತ್ತದೆ. ಎಳೆಯ ಕಿಲ್ಲಿಮೀನಿನ ಮಿದುಳಿಗೆ ಚುಚ್ಚಿದರೆ ಗಾಯ ತುಂಬಿಕೊಳ್ಳುತ್ತದೆ. ಮುದಿಯದಕ್ಕೆ ಚುಚ್ಚಿದರೆ ನಮ್ಮ ಹಾಗೆ ಕಲೆ ಕಟ್ಟುತ್ತದೆ.

ಮಿದುಳು ಸಾಕುವುದು ದುಬಾರಿ ಬಾಬತ್ತು ಎನ್ನುವುದನ್ನೂ ಇಲ್ಲಿ ಹೇಳಬೇಕು. ಆಫ್ರಿಕದ ಆನೆಮೂಗಿನ ಮೀನು ವಿದ್ಯುತ್ತಿನ ಮಿಡಿತ ಕಳಿಸಿ ಕತ್ತಲಲ್ಲಿ ದಾರಿ ಹುಡುಕುತ್ತದೆ, ಆ ಲೆಕ್ಕಾಚಾರಕ್ಕೆ ಬೆಳೆದ ಅದರ ಕಿರುಮಿದುಳು ಉಳಿದ ಭಾಗಗಳನ್ನೆಲ್ಲ ಮುಚ್ಚಿಬಿಟ್ಟಿದೆ. ದೇಹ ಸೇವಿಸುವ ಆಮ್ಲಜನಕದಲ್ಲಿ ನೂರಕ್ಕೆ ಅರವತ್ತು ಪಾಲು ಆ ಮಿದುಳಿಗೇ ಹೋಗುತ್ತದೆ. ನಮ್ಮದು ಇಪ್ಪತ್ತು. ಇದಕ್ಕೆ ತದ್ವಿರುದ್ಧ ಮೆಕ್ಸಿಕೊದ ಸುಣ್ಣಕಲ್ಲಿನ ಗುಹೆಗಳ ಕುರುಡು ಮೀನು. ಅದೇ ಜಾತಿಯ ಕಣ್ಣಿರುವ ಮೀನು ಹೊರಗಿನ ಹೊಳೆಯಲ್ಲಿದೆ. ಒಂದು ಗ್ರಾಂ ತೂಗುವ ಎಳೆಯ ಹೊಳೆಮೀನಿಗೆ ನೋಟದ ಖರ್ಚೇ ವಿಶ್ರಾಂತಿಯಲ್ಲಿರುವ ದೇಹದ ಒಟ್ಟು ಖರ್ಚಿನ ನೂರಕ್ಕೆ ಹದಿನೈದರಷ್ಟು ಎಂದು 2015ರ ಒಂದು ಅಧ್ಯಯನ ಲೆಕ್ಕ ಕೊಟ್ಟಿದೆ. ಊಟ ಕಡಿಮೆ, ಬೆಳಕಿಲ್ಲ, ಅಂಥ ಗುಹೆಯಲ್ಲಿ ಈ ಖರ್ಚು ಯಾರಿಗೆ ಬೇಕು? ಗುಹೆಯ ಮೀನಿನ ಭ್ರೂಣದಲ್ಲಿ ಕಣ್ಣು ಮೂಡಲು ಶುರುವಾಗುತ್ತದೆ, ಆಮೇಲೆ ಮಸೂರದ ಕೋಶಗಳು ಸಾಯುತ್ತವೆ, ಕಣ್ಣು ಕುಸಿಯುತ್ತದೆ. 2000ದಲ್ಲಿ ಯಾಮಾಮೊಟೊ ಮತ್ತು ಜೆಫ್ರಿ ಎಂಬ ಇಬ್ಬರು ಹೊಳೆಮೀನಿನ ಭ್ರೂಣದಿಂದ ಮಸೂರವನ್ನು ತೆಗೆದು ಗುಹೆಯ ಮೀನಿನ ಭ್ರೂಣಕ್ಕೆ ಕೂರಿಸಿದರು, ಆ ಕಡೆ ಕಣ್ಣು ಬೆಳೆಯಿತು.

ಇನ್ನು ಮೀನಿನ ಮಿದುಳು ಸುತ್ತಲಿನ ಪರಿಸರಕ್ಕೆ ಎಷ್ಟು ಬಾಗುತ್ತದೆ ಎಂಬುದಕ್ಕೆ ಒಂದು ಪ್ರಯೋಗ. ಅಮೆರಿಕದ ಪಶ್ಚಿಮ ಕರಾವಳಿಯಲ್ಲಿ ಸ್ಟೀಲ್‌ಹೆಡ್ ಎಂಬ ಟ್ರೌಟ್ ಜಾತಿಯ ಮರಿಗಳನ್ನು ಹ್ಯಾಚರಿಯಲ್ಲಿ ಬೆಳೆಸಿ ನದಿಗೆ ಬಿಡುತ್ತಾರೆ. ಹ್ಯಾಚರಿಯ ಮೀನಿನ ಮಿದುಳಿನ ಕೆಲವು ಭಾಗಗಳು ಕಾಡುಮೀನಿನದಕ್ಕಿಂತ ಚಿಕ್ಕವು ಎಂದು ಮೊದಲೇ ಗೊತ್ತಿತ್ತು. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಡೇವಿಸ್‌ನಲ್ಲಿ ರೆಬೆಕಾ ಕಿಸ್ಲಿಂಗರ್ ಮತ್ತು ಗೇಬ್ರಿಯೆಲ್ ನೆವಿಟ್ ಒಂದೇ ಮೂಲದ ಮರಿಗಳನ್ನು ಎರಡು ಪಾಲು ಮಾಡಿ, ಒಂದು ಪಾಲನ್ನು ಬೋಳು ತೊಟ್ಟಿಯಲ್ಲಿ, ಇನ್ನೊಂದನ್ನು ತಳದಲ್ಲಿ ಕಲ್ಲುಗಳಿದ್ದ ತೊಟ್ಟಿಯಲ್ಲಿ ಬೆಳೆಸಿದರು. 2006ರಲ್ಲಿ ಫಲಿತಾಂಶ ಪ್ರಕಟವಾಯಿತು. ಕಲ್ಲಿನ ನಡುವೆ ಬೆಳೆದ ಮರಿಗಳ ಕಿರುಮಿದುಳು ದೊಡ್ಡದಾಗಿತ್ತು. ಆಹಾರ ಬೇರೆಯಲ್ಲ, ತಳಿ ಬೇರೆಯಲ್ಲ, ಕಲ್ಲು ಮಾತ್ರ.

ತಿನ್ನುವುದಕ್ಕೆಂದೇ ಬೆಳೆಸುವ ರೋಹು, ಕಾಟ್ಲಾಗಳ ಕಿರುಮಿದುಳು ದೊಡ್ಡದಾಗಲಿ ಚಿಕ್ಕದಾಗಲಿ ರೈತನಿಗೆ ಆಗಬೇಕಾದದ್ದು ಏನೂ ಇಲ್ಲ. ನದಿಗೆ ಬಿಡಲೆಂದು ಬೆಳೆಸುವ ಮರಿಗಳ ಮಾತು ಬೇರೆ. ನಮ್ಮಲ್ಲಿ ಕೊಡಗಿನ ಹಾರಂಗಿಯಲ್ಲಿ ಮಹಶೀರ್ ಮರಿಗಳನ್ನು ಬೆಳೆಸುವ ಕೇಂದ್ರವಿದೆ. ಮಹಶೀರ್ ಬಂಡೆಗಳ ನಡುವೆ ರಭಸದ ನೀರಿಗೆ ಎದುರಾಗಿ ಈಜುವ ಮೀನು, ಕಾವೇರಿಯಲ್ಲಿ ಅದರ ಸಂತತಿ ಕುಸಿದಿದೆ. ಟ್ರೌಟ್‌ನಲ್ಲಿ ಆದದ್ದು ಮಹಶೀರ್‌ನಲ್ಲೂ ಆಗುತ್ತದೆಯೇ ಎಂದು ಅಳೆದು ನೋಡಲು ಬೇಕಾಗಿರುವುದು ಎರಡು ತೊಟ್ಟಿ, ಒಂದಿಷ್ಟು ಹೊಳೆಗಲ್ಲು, ಮರಿಗಳ ಮಿದುಳನ್ನು ತೆಗೆದು ಅಳೆಯಬಲ್ಲ ಒಬ್ಬ ವಿದ್ಯಾರ್ಥಿ. ಮೀನುಗಾರಿಕೆ ಓದುತ್ತಿರುವ ಯಾರಾದರೂ ಈ ಹೊತ್ತಿನಲ್ಲಿ ರೇಡಿಯೋ ಕೇಳುತ್ತಿದ್ದರೆ, ಪ್ರಬಂಧಕ್ಕೆ ವಿಷಯ ಹುಡುಕುತ್ತಿದ್ದರೆ, ಕಲ್ಲು ಹಾರಂಗಿಯ ದಂಡೆಯಲ್ಲೇ ಸಿಗುತ್ತದೆ.